ಇಪ್ಪತ್ತೈದು ರೊಟ್ಟಿ ಅತ್ತ, ಇಪ್ಪತ್ತೈದು ಇತ್ತ

ನಾನು ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಆದ ರಾದ್ಧಾಂತವೆಲ್ಲ ನನ್ನ ಬಾಯಿಂದಲೇ ಶುರುವಾದದ್ದು.

ನಮ್ಮ ಮನೆ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ. ಗಾಳಿಯಂತ್ರಗಳಿಂದ ಕರೆಂಟು ತೆಗೆಯುವ ಒಂದು ಕಂಪನಿಯಲ್ಲಿ ನಾನು ಎಂಜಿನಿಯರ್. ರಾಯಾಪುರದ ಆಫೀಸಿನಲ್ಲಿ ಹನ್ನೊಂದು ವರ್ಷ ಕೂತು, ಗದಗಿನ ಗುಡ್ಡದ ಮೇಲೆ ತಿರುಗುವ ರೆಕ್ಕೆಗಳನ್ನು ಕಂಪ್ಯೂಟರಿನಲ್ಲಿ ಕಾಯ್ದವಳು. ಮೇ ತಿಂಗಳ ಮೊದಲ ವಾರ ಸಾಹೇಬರು ಕರೆದು, ಈ ಆಫೀಸು ಮುಚ್ಚುತ್ತದೆ, ನಿನಗೆ ಎರಡು ಜಾಗ ಇವೆ, ಜೂನ್ ಎರಡನೆಯ ಸೋಮವಾರದೊಳಗೆ ಒಂದನ್ನು ಹೇಳು ಎಂದರು. ಒಂದು ಕಾರವಾರ. ಬಂದರಿಗೆ ಬಂದಿಳಿಯುವ ಸಾಮಾನು ನೋಡಿ ರುಜು ಹಾಕುವ ಕೆಲಸ, ಅದೂ ಇನ್ನೊಬ್ಬ ಸಾಹೇಬರ ಕೈಕೆಳಗೆ. ಇನ್ನೊಂದು ಜೈಸಲ್ಮೇರ್. ಮರುಭೂಮಿಯ ನಡುವೆ ಅರವತ್ತು ಗಾಳಿಯಂತ್ರ, ಅವುಗಳ ಪೂರ್ತಿ ಉಸ್ತುವಾರಿ. ಅಲ್ಲಿ ಸಾಹೇಬ ಎಂದರೆ ನಾನೇ.

ನನಗೆ ಜೈಸಲ್ಮೇರ್ ಬೇಕಿತ್ತು. ನನ್ನ ಕೈಯಲ್ಲಿ ಕೆಲಸ ಕಲಿತ ಮೂರು ಜನ ನನ್ನ ತಲೆಯ ಮೇಲೆ ಹೋಗಿ ಕೂತಿದ್ದರು. ಪ್ರತಿ ಸಲ "ಮುಂದಿನ ವರ್ಷ ನಿಮ್ಮದೇ ಮೇಡಂ" ಎನ್ನುವ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿದ್ದವು. ಈ ಕುರ್ಚಿ ತಪ್ಪಿದರೆ ಇನ್ನೊಂದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮನೆಯಲ್ಲಿ ಮಾತ್ರ ಕಾರವಾರದ ಜಯಕಾರ. ನನ್ನ ಗಂಡ ಮುತ್ತು ಎಸಿ, ಫ್ರಿಜ್ ರಿಪೇರಿ ಮಾಡುತ್ತಾನೆ. ಕಾರವಾರದ ಹೆಸರು ಕೇಳಿದ್ದೇ ಅವನ ಮುಖ ಅರಳಿತು.

"ಸಮುದ್ರದ ಗಾಳಿಗೆ ಎಸಿ ಎಲ್ಲಾ ತುಕ್ಕು ಹಿಡಿತಾವ. ವರ್ಷಪೂರ್ತಿ ಕೈ ತುಂಬ ಕೆಲಸ," ಎಂದ.

"ಜೈಸಲ್ಮೇರದಾಗ ಐವತ್ತು ಡಿಗ್ರಿ ಬಿಸಲ ಐತಿ. ಅಲ್ಲೇನ್ ಮಂದಿ ಬೀಸಣಿಕಿ ಬೀಸ್ಕೊಂಡ ಕುಂದರ್ತಾರೇನು?" ಎಂದೆ. ಬೇಡದ ಪ್ರಶ್ನೆಗೆ ಅವನು ಸ್ಕ್ರೂ ತಿರುಗಿಸುತ್ತಾ ಕೂರುತ್ತಾನೆ.

ಆದರೆ ಮನೆಯ ಹೈಕೋರ್ಟು ಮುತ್ತು ಅಲ್ಲ, ನನ್ನ ಅತ್ತೆ ಸಾವಕ್ಕ. ಅರವತ್ತಮೂರು ವರ್ಷ, ನನ್ನಷ್ಟೇ ಸಿಟ್ಟು, ನನಗಿಂತ ಗಟ್ಟಿ ದನಿ. ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ ದಿನಕ್ಕೆ ನೂರೈವತ್ತು ಖಡಕ್ ರೊಟ್ಟಿ ಬೇಯಿಸಿ ಮಾರುತ್ತಾಳೆ. ಜೋಳದ ಹಿಟ್ಟು, ಬಿಸಿನೀರು, ಎರಡು ಅಂಗೈ, ಅಷ್ಟೇ. ಆ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿಟ್ಟರೆ ಎರಡು ತಿಂಗಳಾದರೂ ಮುರಿದಾಗ ಕಟ್ ಎನ್ನಬೇಕು. ಎನ್ನದಿದ್ದರೆ ವಾಪಸು ತನ್ನಿ ಎನ್ನುತ್ತಾಳೆ. ಇವತ್ತಿನವರೆಗೆ ಯಾರೂ ತಂದಿಲ್ಲ.

"ಕಾರವಾರ ಅಂದ್ರ ಮುಂಜಾನಿ ಬಸ್ ಹತ್ತಿದ್ರ ಮಧ್ಯಾಹ್ನದ ಊಟಕ್ಕ ಈ ಕಟ್ಟಿ ಮ್ಯಾಗ ಇರ್ತೇವಿ," ಎಂದಳು. "ಆ ಉಸುಕಿನ ಊರಾಗ ಏನೈತೆವಾ? ನೀವಿಬ್ರ ಹೋಗ್ತೇವಿ ಅಂದ್ರೂ ನಾ ಬಿಡಂಗಿಲ್ಲ. ಇಬ್ಬರಿಗೂ ನೆಟ್ಟಗ ಚಹಾ ಕಾಸಾಕ ಬರಂಗಿಲ್ಲ."

ಮಾತು ನಿಜ. ನನಗೆ ಅವಳನ್ನು ಬಿಟ್ಟು ಹೋಗುವ ಮನಸ್ಸೂ ಇರಲಿಲ್ಲ. ಹದಿನಾಲ್ಕು ವರ್ಷದಿಂದ ದಿನಾ ಜಗಳವಾಡಿದವಳಿಲ್ಲದೆ ನಾನು ಯಾರ ಜೊತೆ ಜಗಳವಾಡಲಿ?

ಹೀಗೆ ಒಂದು ಸಂಜೆ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತಿದ್ದಾಗ, ಸಾವಕ್ಕ ಕಾರವಾರದಲ್ಲಿ ಒಲೆ ಎಲ್ಲಿ ಹೂಡಬೇಕು ಎನ್ನುವ ತನಕ ಹೋಗಿದ್ದಳು. ನನ್ನ ತಲೆ ಕೆಟ್ಟಿತು.

"ಅತ್ತಿ, ಸುಮ್ನ ಒಲಿ ಹೂಡಬ್ಯಾಡ್ರಿ. ಕಾರವಾರದ ಹವಾದಾಗ ನಿಮ್ಮ ರೊಟ್ಟಿ ಒಂದ ದಿನದಾಗ ಅರಿವಿ ಆಗ್ತಾವ. ಮಡಚಿ ಕಿಸೇದಾಗ ಇಟ್ಕೋಬಹುದು."

ಸಾವಕ್ಕ ಎದ್ದು ನಿಂತಳು.

"ಯಾರ ರೊಟ್ಟಿ?"

"ನಿಮ್ಮ ರೊಟ್ಟಿನ ರೀ. ಬೇಕಂದ್ರ ಪರೀಕ್ಷಾ ಮಾಡೂಣು. ಇಪ್ಪತ್ತೈದು ಕಾರವಾರಕ್ಕ ಕಳಸ್ರಿ, ಇಪ್ಪತ್ತೈದು ಜೈಸಲ್ಮೇರಕ್ಕ. ಇಪ್ಪತ್ತ ದಿನ ಬಿಟ್ಟ ತರಸೂಣು. ಎಲ್ಲಿಂದ ಬಂದದ್ದು ಕಟ್ ಅಂತೈತೋ, ಅಲ್ಲಿ ನಮ್ಮ ಸಂಸಾರ."

"ಮಾತಿಗಿ ತಪ್ಪಬಾರದು ಮತ್ತ!"

"ತಪ್ಪಂಗಿಲ್ರಿ."

"ಕೇಳಿದ್ರಿಲ್ಲ?" ಎಂದು ಸಾವಕ್ಕ ಓಣಿಯನ್ನೆಲ್ಲ ಸಾಕ್ಷಿ ಹಾಕಿದಳು.

ನಾನು ಒಳಗೊಳಗೇ ನಕ್ಕೆ. ತೇವದ ಗಾಳಿ ಏನು ಮಾಡುತ್ತದೆ, ಒಣ ಗಾಳಿ ಏನು ಮಾಡುತ್ತದೆ ಎಂದು ಓದಿದವಳು ನಾನು. ಗೆಲ್ಲುವುದು ಗೊತ್ತಿದ್ದೂ ಪಂದ್ಯ ಕಟ್ಟುವುದು ಅರ್ಧ ಮೋಸವೇ. ನಾಚಿಕೆ ಆಗಬೇಕಿತ್ತು, ಆಗಲಿಲ್ಲ.

ಮರುದಿನವೇ ಐವತ್ತು ರೊಟ್ಟಿ ಒಂದೇ ಒಲೆಯ ಮೇಲೆ ಬೆಂದವು. ಎರಡು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದೆವು. ಡಬ್ಬಿಯಲ್ಲಿ ಇಡಬಾರದು, ಪ್ಲಾಸ್ಟಿಕ್ ಸುತ್ತಬಾರದು, ಗೂಟಕ್ಕೆ ತೂಗುಹಾಕಿ ಮುಟ್ಟದೆ ಬಿಡಬೇಕು ಎಂದು ಕರಾರು. ಕಾರವಾರದ ಗಂಟನ್ನು ನಮ್ಮ ಕಂಪನಿಯ ಜೀಪ್ ಡ್ರೈವರ್ ಯಾಸೀನ ಒಯ್ದ. ಅವನ ಸಂಸಾರ ಎರಡು ವರ್ಷದಿಂದ ಅಲ್ಲೇ ಇದೆ. ಅವನ ಹೆಂಡತಿ ಶಾಹೀನ ನಮ್ಮ ಹಿಂದಿನ ಓಣಿಯ ಮಗಳು, ರೊಟ್ಟಿ ಬಡಿಯುವುದನ್ನು ಸಾವಕ್ಕನ ಪಕ್ಕದಲ್ಲೇ ಕೂತು ಕಲಿತವಳು. ಜೈಸಲ್ಮೇರಿನ ಗಂಟನ್ನು ಸಿದ್ಧಾರೂಢ ಒಯ್ದ. ಅವನು ನಮ್ಮ ಕಂಪನಿಯ ಮೆಕ್ಯಾನಿಕ್, ಅಲ್ಲಿ ಮೂರು ವಾರದ ರಿಪೇರಿ ಕೆಲಸಕ್ಕೆ ಹೊರಟಿದ್ದ.

ಸಾಹೇಬರಿಗೆ ಉತ್ತರ ಕೊಡಬೇಕಾದ ಸೋಮವಾರದ ಹಿಂದಿನ ದಿನ, ಭಾನುವಾರ ಸಂಜೆ, ಎರಡೂ ಗಂಟುಗಳು ನಮ್ಮ ಕಟ್ಟೆಗೆ ಬಂದವು. ಓಣಿಯೂ ಬಂತು. ಇಂಡಿಯಾ ಪಾಕಿಸ್ತಾನ ಮ್ಯಾಚಿಗೂ ಅಷ್ಟು ಜನ ಸೇರಿರಲಿಲ್ಲ.

ಮೊದಲು ಸಿದ್ಧಾರೂಢನ ಗಂಟು ಬಿಚ್ಚಿದರು. ಅದರಲ್ಲಿ ರೊಟ್ಟಿ ಇರಲಿಲ್ಲ, ರೊಟ್ಟಿಯ ಪುಡಿ ಇತ್ತು. ಒಂದೇ ಒಂದು ಇಡೀ ರೊಟ್ಟಿ ಇಲ್ಲ. ಸಿದ್ಧಾರೂಢ ತಲೆ ಕೆರೆದುಕೊಂಡ.

"ಅಲ್ಲಿ ಛಲೋನ ಇದ್ವುರಿ ಮೇಡಂ. ರೈಲಿನಾಗ ಯಾರೋ ಪುಣ್ಯಾತ್ಮ ಮ್ಯಾಲ ಟ್ರಂಕ್ ಇಟ್ಟಬಿಟ್ಟಾನ."

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆದರೂ ನಾನು ಹೆದರಲಿಲ್ಲ, ಕಾರವಾರದ್ದು ಬಿಚ್ಚಲಿ ಎಂದು ಕಾದೆ.

ಯಾಸೀನ ಗಂಟು ಬಿಚ್ಚಿದ. ಇಪ್ಪತ್ತೈದೂ ಇಡಿಯಾಗಿದ್ದವು. ಜೊತೆಗೆ ಒಂದು ಪೊಟ್ಟಣ ಒಣಗಿದ ಕೋಕಂ ಹುಳಿ, ಯಾಕೆಂದರೆ ಖಾಲಿ ಅರಿವೆ ಕಳಿಸುವ ಮನೆಯ ಮಗಳಲ್ಲ ಶಾಹೀನ. ಮುತ್ತು ಒಂದು ರೊಟ್ಟಿ ಎತ್ತಿ, ಎಲ್ಲರಿಗೂ ಕೇಳುವಂತೆ ಮುರಿದ.

ಕಟ್!

"ಕಾರವಾರ!" ಎಂದು ಮುತ್ತು ಕೂಗಿದ. ಓಣಿ ಚಪ್ಪಾಳೆ ತಟ್ಟಿತು.

ಇದು ಆಗಲು ಸಾಧ್ಯವೇ ಇಲ್ಲ. ಕಡಲ ದಂಡೆಯ ಗಾಳಿಯಲ್ಲಿ ಇಪ್ಪತ್ತು ದಿನ ತೂಗಿದ ರೊಟ್ಟಿ ಕಟ್ ಎನ್ನುವುದೆಂದರೆ ನಾನು ಓದಿದ್ದೆಲ್ಲ ಸುಳ್ಳು. ಆದರೆ ಏನಂತ ಹೇಳಲಿ? ಯಾಸೀನ ಸುಳ್ಳು ಹೇಳುತ್ತಾನೆ ಅನ್ನಲೇ? ಅವನ ಮುಖದಲ್ಲಿ ಕಪಟದ ಸುಳಿವೂ ಇರಲಿಲ್ಲ. ಪರೀಕ್ಷೆ ಇಟ್ಟವಳು ನಾನು. ಮಾತು ಕೊಟ್ಟವಳು ನಾನು. ಅಡುಗೆಮನೆಗೆ ಹೋಗಿ, ಹಿಟ್ಟಿನ ಡಬ್ಬಿಯ ಪಕ್ಕ ಕೂತು ಅತ್ತೆ. ಸಾವಕ್ಕನ ಎದುರು ಸೋತೆನೆಂದಲ್ಲ, ಅವಳ ಎದುರು ನೂರು ಸಲ ಸೋತಿದ್ದೇನೆ. ಆ ಕುರ್ಚಿಯನ್ನು ನನ್ನ ಬಾಯಿಯಿಂದ ನಾನೇ ಕಳೆದುಕೊಂಡೆನಲ್ಲ ಎಂದು ಅತ್ತೆ.

ಹೊರಗೆ ರೊಟ್ಟಿ ಹಂಚುತ್ತಿದ್ದರು. ಶೇಂಗಾ ಚಟ್ನಿ, ಮೊಸರು, ನಗು. ಎಲ್ಲರಿಗೂ ಕೊಟ್ಟು ಕೊನೆಗೆ ತಾನು ತಿನ್ನುವುದು ಸಾವಕ್ಕನ ಪದ್ಧತಿ. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿತು.

"ಎಲ್ಲಾರೂ ಸುಮ್ಮನಿರ್ರಿ."

ನಾನು ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದೆ. ಸಾವಕ್ಕ ಒಂದು ತುಣುಕನ್ನು ಬಾಯಲ್ಲಿ ಆಡಿಸುತ್ತಿದ್ದಳು. ಇನ್ನೊಂದು ರೊಟ್ಟಿ ತೆಗೆದು ಮೂಸಿದಳು. ತಿರುವಿ ಹಾಕಿ ಅದರ ಚುಕ್ಕೆಗಳನ್ನು ನೋಡಿದಳು. ಮೂರನೆಯದನ್ನೂ ನೋಡಿದಳು. ಆಮೇಲೆ ತಟ್ಟೆ ಕೆಳಗಿಟ್ಟಳು.

"ಯಾಸೀನ, ಶಾಹೀನಗ ಫೋನ್ ಹಚ್ಚು. ಎಲ್ಲಾರಿಗೂ ಕೇಳೂ ಹಂಗ ಹಚ್ಚು."

ಯಾಸೀನ ಗಾಬರಿಯಾಗಿ ಹಚ್ಚಿದ. ಆ ಕಡೆಯಿಂದ ಶಾಹೀನಳ ದನಿ ಬಂತು.

"ಶಾಹೀನವಾ, ರೊಟ್ಟಿ ಮುಟ್ಟಿದ್ವು. ಒಂದ ಮಾತ ಕೇಳ್ತೇನಿ, ಖರೇ ಹೇಳಬೇಕು. ನನ್ನ ರೊಟ್ಟಿಗಿ ಜನ್ಮದಾಗ ಎಣ್ಣಿ ತಾಗಿಲ್ಲ. ಇದಕ್ಕ ಕೊಬ್ಬರಿ ಎಣ್ಣಿ ವಾಸನಿ ಎಲ್ಲಿಂದ ಬಂತು?"

ಆ ಕಡೆ ಸಣ್ಣಗೆ ಅಳು.

"ಸಿಟ್ಟಾಗಬ್ಯಾಡ್ರಿ ಸಾವಕ್ಕಾ. ಮೂರನೇ ದಿನಕ್ಕ ಎಲ್ಲಾ ಮೆತ್ತಗಾಗಿದ್ವು. ವಾರದಾಗ ಚಪಾತಿಗತೆ ಮಡಚಾಕ ಬಂದ್ವು. ನೀವು ಬಡದ ರೊಟ್ಟಿ ಹಂಗ ಓಣಿ ಮಂದಿ ಮುಂದ ಹೆಂಗ ಕಳಸಲಿ? ನಿಮ್ಮ ಮಾನದ ಪ್ರಶ್ನಿ ಅಂತ ಇವತ್ತ ಮುಂಜಾನಿ ಎದ್ದು ಕೊಬ್ಬರಿ ಎಣ್ಣಿ ಹಚ್ಚೂ ದೋಸಿ ಹಂಚಿನ ಮ್ಯಾಲ ಒಂದೊಂದ ಮತ್ತ ಸುಟ್ಟು, ಡಬ್ಬಿಗಿ ತುಂಬಿ ಇಟ್ಟೆ. ಹುಬ್ಬಳ್ಳಿ ಮುಟ್ಟಿದ ಮ್ಯಾಲ ಅರಿವ್ಯಾಗ ಕಟ್ಟು ಅಂತ ಇವರಿಗೆ ಹೇಳಿದ್ದೆ. ಸುಟ್ಟದ್ದು ಇವರಿಗೂ ಗೊತ್ತಿಲ್ಲ."

ಯಾಸೀನ ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಜೀಪಿನ ಧೂಳಿಗೆ ಡಬ್ಬಿ ಅಂತ ತಿಳದಿದ್ನಿರಿ," ಎಂದ.

ನಾನು ಸಾವಕ್ಕನನ್ನೇ ನೋಡಿದೆ. ಅವಳು ಸುಮ್ಮನೆ ನುಂಗಿಬಿಟ್ಟಿದ್ದರೆ ಗೆದ್ದಿದ್ದಳು. ಆ ವಾಸನೆ ಓಣಿಯಲ್ಲಿ ಬೇರೆ ಯಾರ ಮೂಗಿಗೂ ಬಡಿದಿರಲಿಲ್ಲ, ನನ್ನ ಮೂಗಿಗಂತೂ ಇಲ್ಲ.

"ಅಳಬ್ಯಾಡ ಮಗಳ," ಎಂದಳು ಸಾವಕ್ಕ. "ನನ್ನ ಮಾನ ಕಾಯಾಕ ಸೂರ್ಯಾ ಹುಟ್ಟೂದಕ್ಕಿಂತ ಮೊದಲ ಎದ್ದಿ. ನಿನಗ ಬೈಲೇನು? ಮುಂದಿನ ಸಲ ಬಂದಾಗ ಸೀದಾ ಊಟಕ್ಕ ಬಾ."

ಫೋನ್ ಇಟ್ಟ ಮೇಲೆ ಅವಳು ಸಿದ್ಧಾರೂಢನ ಗಂಟನ್ನು ಹತ್ತಿರ ಎಳೆದುಕೊಂಡಳು. ಪುಡಿಯಲ್ಲೇ ಬೆರಳಾಡಿಸಿ, ನಾಣ್ಯದಷ್ಟು ದೊಡ್ಡ ಚೂರೊಂದನ್ನು ಹುಡುಕಿ ತೆಗೆದಳು. ಎರಡು ಬೆರಳ ನಡುವೆ ಹಿಡಿದು ಒತ್ತಿದಳು. ಅಷ್ಟು ಸಣ್ಣ ಚೂರೂ ಕಟ್ ಎಂದಿತು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದಳು.

"ಇದು ನನ್ನ ಒಲಿ ರೊಟ್ಟಿ," ಎಂದಳು. "ನಿನ್ನೆ ಬೇಸಿದಂಗ ಐತಿ. ಪುಡಿ ಆಗೇತಿ, ಆದರ ಒಂದ ಚೂರೂ ಮೆತ್ತಗಾಗಿಲ್ಲ. ಟ್ರಂಕ್ ಇಟ್ಟದ್ದು ಊರಿನ ತಪ್ಪಲ್ಲ."

"ಯವ್ವಾ, ನೀನ ಕಾರವಾರ ಬೇಕಂತಿದ್ದಿಲ್ಲ?" ಎಂದ ಮುತ್ತು.

"ಬೇಕಾಗಿತ್ತು. ಈಗೂ ಬೇಕು. ಹಂಗಂತ ಕೊಬ್ಬರಿ ಎಣ್ಣಿ ರೊಟ್ಟಿ ತಿಂದು ನನ್ನದ ಅನ್ನಲೇನು? ನಲವತ್ತ ವರ್ಷ ಈ ಕೈಯಿಂದ ಒಂದ ರೊಟ್ಟಿನೂ ಸುಳ್ಳ ಹೇಳಿಲ್ಲ." ಆಮೇಲೆ ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿದಳು. "ಅತ್ತದ್ದು ಸಾಕು. ನಿನ್ನ ಸಾಹೇಬಗ ಫೋನ್ ಹಚ್ಚು."

"ನಾಳೆ ಸೋಮವಾರ ಹೇಳಿದ್ರ ಸಾಕ್ರಿ ಅತ್ತಿ. ಇವತ್ತ ರಜಾ."

"ನಾಳಿ ತನಕ ಬಿಟ್ರ ಈ ಓಣಿ ಮಂದಿ ನನ್ನ ತಲಿ ತಿರಗಸ್ತಾರ. ಈಗ ಹಚ್ಚು."

ಹಚ್ಚಿದೆ. ಸ್ಪೀಕರ್ ಒತ್ತಿದ್ದು ನಾನಲ್ಲ, ಮುತ್ತು. ಅವನ ಮುಖದಲ್ಲೂ ಈಗ ಒಂದು ತರಹದ ಕಳೆ ಬಂದಿತ್ತು. ಬಹುಶಃ ಐವತ್ತು ಡಿಗ್ರಿಯ ಲೆಕ್ಕ ಅವನಿಗೂ ಹೊಳೆದಿರಬೇಕು.

"ಹೇಳಮ್ಮ ಜಯಾ," ಎಂದರು ಸಾಹೇಬರು. ಅವರು ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುತ್ತಾರೆ. "ಕಾರವಾರ ತಾನೆ? ನಾನು ಆಗಲೇ ಬರೆದಿಟ್ಟಿದೀನಿ."

ಬರೆದಿಟ್ಟಿದ್ದಾರಂತೆ! ನನ್ನನ್ನು ಕೇಳುವುದಕ್ಕೆ ಮೊದಲೇ! ಹನ್ನೊಂದು ವರ್ಷದ ಸಿಟ್ಟು ಗಂಟಲಿಗೆ ಬಂತು, ಆದರೆ ದನಿ ಮಾತ್ರ ನನಗೇ ಆಶ್ಚರ್ಯವಾಗುವಷ್ಟು ತಣ್ಣಗಿತ್ತು.

"ಹೊಡೆದು ಹಾಕಿ ಸರ್. ಜೈಸಲ್ಮೇರ್."

"ಜೈಸಲ್ಮೇರಾ? ಅರವತ್ತು ಮಷೀನು ಕಣಮ್ಮ. ಮರುಭೂಮಿ. ಹೆಣ್ಣುಮಗಳು ನೀನು, ಮನೇಲಿ ಕೇಳಿದೀಯಾ? ನಿಮ್ಮ ಅತ್ತೆ ಒಪ್ಪಬೇಕಲ್ಲ..."

ಮಾತು ಮುಗಿಸಲು ಸಾವಕ್ಕ ಬಿಡಲಿಲ್ಲ. ಜೋಳದ ಪುಡಿ ಹತ್ತಿದ ಕೈಯಿಂದ ಫೋನ್ ಕಸಿದುಕೊಂಡು, ಬಾಯಿಯ ಮುಂದೆ ಹಿಡಿದು, ಓಣಿಯ ಆ ತುದಿಗೂ ಕೇಳುವ ದನಿಯಲ್ಲಿ ಹೇಳಿದಳು:

"ನಮಸ್ಕಾರ್ರಿ ಸಾಹೇಬ್ರ. ಅತ್ತಿನ ಮಾತಾಡಾಕತ್ತೇನ್ರಿ. ನನ್ನ ಸೊಸಿ ಬರಾಕತ್ತಾಳ, ಬೆನ್ನಿಗಿ ನಾನೂ ಬರಾಕತ್ತೇನಿ. ಅಲ್ಲಿ ಆಕಿ ಕುರ್ಚಿ ಒರಸಿ ಇಡಾಕ ಹೇಳ್ರಿ."

ಓಣಿಯಲ್ಲಿ ಸೀಟಿ, ಕೂಗು, ಚಪ್ಪಾಳೆ. ಸಿದ್ಧಾರೂಢ ರೊಟ್ಟಿಯ ಪುಡಿಯನ್ನು ಜಾತ್ರೆಯ ಅರಿಶಿನ ಭಂಡಾರದ ಹಾಗೆ ಮೇಲಕ್ಕೆ ತೂರಿದ, ಅದು ನನ್ನ ತಲೆಯ ಮೇಲೆ, ಹೆಗಲ ಮೇಲೆ ಬಿತ್ತು. ಆ ಗದ್ದಲದಲ್ಲಿ ಫೋನಿನೊಳಗಿಂದ ಸಾಹೇಬರ ದನಿ ಸಣ್ಣಗೆ ಕೇಳಿತು.

"ಆಯ್ತು ತಾಯಿ. ಒರೆಸಿ ಇಡಿಸ್ತೀನಿ."