ಗುಂಡು ಹೊಟ್ಟೆಯ ಕುದುರೆ

ಮರ ಕಡೆಯುವ ಲೇತು ನಿಲ್ಲುವವರೆಗೆ ಕಾಯೋಣವೆಂದು ಶಾಲಿನಿ ಎರಡು ಸಲ ಕೂತಳು, ಎರಡು ಸಲವೂ ಎದ್ದಳು. ಜೈನಬಕ್ಕ ಮಾತ್ರ ತಿರುಗುವ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿ, ಬಣ್ಣ ಕರಗಿ ಹರಡುವುದನ್ನೇ ನೋಡುತ್ತಿದ್ದಳು.

"ಕೂತ್ಕಳಿ ಮಿಸ್ಸು. ನಿಮ್ ಕಾಲಿಗೂ ಲೇತು ಕಟ್ಟವ್ರಾ?"

ಚನ್ನಪಟ್ಟಣದ ಆ ಬೊಂಬೆ ಕೋಣೆಯ ಮಹಡಿಯಲ್ಲೇ ಶಾಲಿನಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ಒಂದು ವರ್ಷದಿಂದ, ಪಾಠದ ನಡುವೆ ಬಿಡುವಾದಾಗಲೆಲ್ಲ, ಒಂದು ಮೊಬೈಲ್ ಗೇಮು ಕಟ್ಟುತ್ತಿದ್ದಳು. ಅಂಗಡಿಯಿಂದ ತಪ್ಪಿಸಿಕೊಂಡ ಮರದ ಕುದುರೆಯೊಂದು ರಾಮನಗರದ ಬಂಡೆಗಳನ್ನು ಹತ್ತಿಳಿದು, ತನ್ನನ್ನು ಕಡೆದವರ ಮನೆ ಹುಡುಕಿಕೊಂಡು ಬರುವ ಆಟ. ಕೋಡು ಬರೆಯಲು ಅವಳಿಗೆ ಬರುತ್ತಿತ್ತು. ಚಿತ್ರ ಬರೆಯಲು ಬರುತ್ತಿರಲಿಲ್ಲ. ನೆಟ್ಟಿನಲ್ಲಿ ಸಿಕ್ಕ ಚಿತ್ರಗಾರ ಎರಡು ವಾರ ಬರೆದು ಮಾಯವಾದ. ಸದ್ದು ಕೂಡಿಸಿಕೊಡುತ್ತೇನೆಂದಿದ್ದ ಗೆಳೆಯ ಮನು, "ನಿನ್ ಗೇಮು, ನೀನೇ ಮಾಡ್ಕೊ" ಎಂದು ಕೈಕೊಟ್ಟ. ಹಾಗೇಕೆ ಅಂದನೆಂದು ಅವಳು ಕೇಳಲೂ ಹೋಗಿರಲಿಲ್ಲ. ಜೈನಬಕ್ಕನೂ ಚಿತ್ರ ಬರೆದುಕೊಡಲು ಒಲ್ಲೆ ಎಂದರೆ ಎಲ್ಲವನ್ನೂ ಅಳಿಸಿಬಿಡುವುದೆಂದು ನಿಶ್ಚಯಿಸಿಯೇ ಈಗ ಮೆಟ್ಟಿಲಿಳಿದಿದ್ದಳು.

ಲೇತು ನಿಂತಿತು. ಜೈನಬಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು, ಫೋನು ಇಸಿದುಕೊಂಡು ಆಡಿದಳು. ಮೂರನೇ ಬಂಡೆಯಲ್ಲಿ ಕುದುರೆ ಜಾರಿಬಿದ್ದು ಗಾಜಿನಂತೆ ಚೂರಾಯಿತು.

"ಮರದ್ದು ಹಿಂಗೆ ಸಾಯಲ್ಲ," ಎಂದು, ಹಲಗೆಯ ಮೇಲಿದ್ದ ಗುಂಡು ಹೊಟ್ಟೆಯ ಕುದುರೆಯೊಂದನ್ನು ತೆಗೆದು ನೆಲಕ್ಕೆ ಬಿಟ್ಟಳು. ಅದು ಟಕ್ಕನೆ ಪುಟಿದು, ಸುತ್ತು ಹೊಡೆದು, ಉರುಳುತ್ತಾ ಹೋಗಿ ಮೂಲೆಯ ಗೋಡೆಗೆ ತಾಗಿ ನಿಂತಿತು. "ಬಿದ್ರೆ ಉರುಳ್ಬೇಕು. ಎಲ್ಗಾದ್ರೂ ಹೋಗ್ಬೇಕು."

ಚಿತ್ರವೇ ಬೇಡ, ಕುದುರೆ, ಹದ್ದು, ಲಾರಿ ಎಲ್ಲವನ್ನೂ ಜೈನಬಕ್ಕ ಕಡೆದುಕೊಟ್ಟರೆ ಫೋಟೊ ತೆಗೆದು ಗೇಮಿನೊಳಗೆ ಓಡಿಸಬಹುದು ಎಂದು ಶಾಲಿನಿ ಒಂದೇ ಉಸಿರಿಗೆ ಹೇಳಿದಳು. ಬಂದ ದುಡ್ಡಿನಲ್ಲಿ ಅರ್ಧ ಪಾಲು ಎಂದೂ ಸೇರಿಸಿದಳು.

"ನನ್ ಹೆಸರು ಎಲ್ಲಿ ಬತ್ತದೆ?"

"ಕೊನೇಲಿ ಥ್ಯಾಂಕ್ಸ್ ಅಂತ ಒಂದು ಲಿಸ್ಟು ಬರುತ್ತಲ್ಲ ಅಕ್ಕ, ಅಲ್ಲಿ."

"ಕೊನೇಗಂಟ ಆಡೋರು ಎಷ್ಟ್ ಜನ?" ಜೈನಬಕ್ಕ ಫೋನನ್ನು ಹಿಂದಕ್ಕೆ ಕೊಟ್ಟಳು. "ಮೂವತ್ತು ವರ್ಸದಿಂದ ಬೊಂಬೆ ಮಾಡ್ತಾ ಇವ್ನಿ. ಒಂದರ ಮೇಲೂ ನನ್ ಹೆಸರಿಲ್ಲ. ಹೆಸರಿಲ್ದೆ ಮಾಡುಸ್ಕೊಳಕ್ಕೆ ಅಂಗಡಿಯೋರೇ ಸಾಕಲ್ಲ, ನೀವ್ಯಾಕೆ?"

ಲೇತು ಮತ್ತೆ ತಿರುಗತೊಡಗಿತು.

ಶಾಲಿನಿ ಬಸ್ ಸ್ಟ್ಯಾಂಡಿನವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಟೀ ಹೇಳಿ ಕುಡಿಯದೆ ಬಿಟ್ಟಳು. ವರ್ಷವಿಡೀ ಕಣ್ಣು ಸುಟ್ಟುಕೊಂಡವಳು ತಾನಲ್ಲವೇ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಫೋನು ತೆರೆದು ನೋಡಿದಳು. ಗೇಮಿನ ಮೊದಲ ಪರದೆಯಲ್ಲಿ, ಕುದುರೆಗಿಂತ ದೊಡ್ಡದಾಗಿ, ಅವಳದೊಂದೇ ಹೆಸರಿತ್ತು. ಮನು ಕೂಡ ಇದನ್ನು ನೋಡಿದ್ದ.

ಮಹಡಿ ಹತ್ತಿದಳು. ಕ್ಲಾಸಿಗೆ ಬಂದವರನ್ನು ಅರ್ಧ ಗಂಟೆ ಬಾಗಿಲಲ್ಲೇ ಕಾಯಿಸಿ ಆ ಪರದೆ ಬದಲಿಸಿದಳು. ಕೆಳಗಿಳಿದು ಫೋನು ಮುಂದೆ ಹಿಡಿದಳು. ಕುದುರೆಯ ಕೆಳಗೆ ಎರಡು ಹೆಸರು, ಒಂದೇ ಅಳತೆಯಲ್ಲಿ.

ಜೈನಬಕ್ಕ ತುಟಿಯಾಡಿಸುತ್ತಾ ಓದಿದಳು. ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿದಳು. ಗಾಜಿನ ಮೇಲೆ ಕೆಂಪು ಗುರುತು ಉಳಿಯಿತು. ಲೇತು ಆರಿಸಿ ಕುದುರೆಯನ್ನು ಎತ್ತಿಕೊಂಡಳು.

"ಇನ್ನೊಂದ್ ಸಲ ಬುಡ್ತೀನಿ. ಫೋನಲ್ಲಿ ಸದ್ದು ಹಿಡ್ಕೊ."

ಕುದುರೆ ಪುಟಿದು, ಉರುಳಿ, ಲೇತಿನಡಿಯ ಕತ್ತಲೆಗೆ ಹೋಯಿತು. ಎಲ್ಲಿ ನಿಂತಿತೆಂದು ನೋಡಲು ಇಬ್ಬರೂ ಮೊಣಕಾಲೂರಿದರು.