ಆರು ಎಣಿಸುವಷ್ಟರಲ್ಲಿ

"ನಿದ್ದೇಲಿ ಗಂಟೆಗೆ ನಲವತ್ತೊಂದು ಸಲ ಉಸಿರು ನಿಲ್ತಿತ್ತು. ಈಗ ನಾಲ್ಕೇ ಸಲ," ಎಂದು ಡಾಕ್ಟರಮ್ಮ ಹಾಳೆಯನ್ನು ಗಂಡ ಹೆಂಡತಿಯ ಕಡೆ ತಿರುಗಿಸಿದರು. "ಶುಗರ್ರೂ ಇಳಿದಿದೆ. ಹದಿಮೂರು ಕಿಲೋ ಕರಗಿದೀರಿ. ಏನು ಮಾಡಿದ್ರಿ?"

"ಹಸ್ಕೊಂಡು ಬಿದ್ದಿದ್ದೆ, ಅಷ್ಟೇ," ಎಂದು ಗಂಡ ಹಲ್ಲು ಕಿರಿದ. "ಇವಳು ಊಟಾನ ತಕ್ಕಡೀಲಿಟ್ಟು ತೂಗಿ ಹಾಕ್ತಾಳೆ ಮೇಡಂ. ಬಂಗಾರದಂಗಡಿಯವರೂ ಇಷ್ಟು ಜಿಪುಣರಲ್ಲ."

ಅವನು ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನು. ನಾಲ್ಕು ತಿಂಗಳ ಹಿಂದೆ ಕಂಟೇನರು ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಕ್ಯಾಬಿನ್ನಿನಲ್ಲಿ ತೂಕಡಿಸಿದ್ದ. ಕೆಳಗಿದ್ದ ಇಬ್ಬರು ಕೂದಲೆಳೆಯಲ್ಲಿ ಪಾರಾಗಿದ್ದರು. ಅಂದಿನಿಂದ ಸ್ಟೋರಿನಲ್ಲಿ ಕೂತು ಕೈಗವಸು ಹಂಚುವ ಕೆಲಸ. 'ಆನೆ' ಎಂದು ಕರೆಯುತ್ತಿದ್ದ ಜೊತೆಯವರು ಈಗ 'ಕಪಾಟಿನ ಆನೆ' ಅನ್ನುತ್ತಿದ್ದರು. ಇವತ್ತು ಡಾಕ್ಟರಮ್ಮನ ಸಹಿ ಬಿದ್ದರೆ ನಾಳೆ ಮತ್ತೆ ಮೇಲೆ.

ಅವರು ಪೆನ್ನಿನ ಮುಚ್ಚಳ ತೆಗೆದರು.

"ಮೇಡಂ, ನಾಲ್ಕು ಅಂತ ಹೇಗೆ ಲೆಕ್ಕ ಹಾಕ್ತೀರಿ?" ಎಂದು ಹೆಂಡತಿ ಕೇಳಿದಳು.

"ಹತ್ತು ಸೆಕೆಂಡು ಉಸಿರು ನಿಂತ್ರೆ ಒಂದು. ಕಮ್ಮಿಯಾದ್ರೆ ಲೆಕ್ಕಕ್ಕಿಲ್ಲ."

ಅವಳು ಹಾಳೆಯ ಮೇಲಿನ ಅಂಕಿಯನ್ನು ಮತ್ತೊಮ್ಮೆ ನೋಡಿದಳು. ಮೊದಲ ಪರೀಕ್ಷೆಗೆ ಅವನು ಆಸ್ಪತ್ರೆಯಲ್ಲಿ ಒಬ್ಬನೇ ಮಲಗಿದ್ದ. ಈ ಸಲ ಉಸಿರು ಅಳೆಯುವ ಪೆಟ್ಟಿಗೆಯನ್ನು ಮನೆಗೇ ಕೊಟ್ಟಿದ್ದರು. ಎದೆಗೆ ಪಟ್ಟಿ ಕಟ್ಟಿ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದವಳು ಅವಳೇ. ಪಕ್ಕದಲ್ಲಿ ಮಲಗಿದವಳೂ ಅವಳೇ. ಬಿಸ್ಕತ್ತು ಕಾರ್ಖಾನೆಯಲ್ಲಿ ಅವಳದೂ ರಾತ್ರಿ ಪಾಳಿ, ಇಬ್ಬರಿಗೂ ನಿದ್ದೆ ಹಗಲಿಗೆ. ಗೊರಕೆ ನಿಂತೊಡನೆ ನಿದ್ದೆಗಣ್ಣಲ್ಲೇ ಎಣಿಸಿ, ಆರಕ್ಕೆ ಮೊಣಕೈಯಿಂದ ತಿವಿಯುವುದು ಒಂಬತ್ತು ವರ್ಷದ ರೂಢಿ.

"ನಾನು ತಿವಿದೆ," ಎಂದಳು.

"ಏನಂದ್ರಿ?"

"ಉಸಿರು ನಿಂತಾಗೆಲ್ಲ ತಿವಿದೆ. ಆರು ಎಣಿಸೋಷ್ಟರಲ್ಲಿ. ನಂಗೆ ಜೋಂಪು ಹತ್ತಿದಾಗ ತಪ್ಪಿದ್ದು ಬಿಟ್ರೆ, ಹತ್ತಾಗೋಕೆ ಬಿಟ್ಟೇ ಇಲ್ಲ."

ಗಂಡನ ಮುಖ ಕಪ್ಪಿಟ್ಟಿತು. "ನಾಲ್ಕು ತಿಂಗಳು ಹಸಿದಿರೋನು ನಾನು! ಇನ್ನರ್ಧ ನಿಮಿಷ ಬಾಯಿ ಮುಚ್ಕೊಂಡು ಕೂರೋಕೆ ಏನಾಗಿತ್ತೇ ನಿಂಗೆ?"

"ಮೇಲೆ ಕ್ಯಾಬಿನ್ನಲ್ಲಿ ನಾನಿರ್ತೀನಾ, ತಿವಿಯೋಕೆ?"

ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. "ಹಸಿದದ್ದು ದಂಡವಾಗಿಲ್ಲ ಬಿಡಿ, ಶುಗರ್ ಇಳಿದದ್ದು ನಿಜವೇ. ನಿದ್ದೆದು ಮಾತ್ರ ಇನ್ನೊಂದ್ಸಲ ನೋಡೋಣ. ನೀವು ಬೇರೆ ಕಡೆ ಮಲಗಿ ಅಮ್ಮ."

ಪೆಟ್ಟಿಗೆಯನ್ನು ಮತ್ತೆ ಇಸಕೊಂಡು ಅವನು ಅವಳಿಗಿಂತ ಮುಂದೆ ನಡೆದ. ಮಾರನೆಯ ಬೆಳಿಗ್ಗೆ ಪಾಳಿ ಮುಗಿಸಿ ಬಂದು, ತೂಗಿ ಇಟ್ಟದ್ದನ್ನು ತಿಂದು, ಎದೆಯ ಪಟ್ಟಿಯನ್ನು ತಾನೇ ಕಟ್ಟಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ.

ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಕಟ್ಟೆಯ ಮೇಲೆ ತಕ್ಕಡಿಯ ಮುಳ್ಳು ಸೊನ್ನೆಯಲ್ಲಿತ್ತು. ಒಳಗೆ ಗೊರಕೆ ಏರಿತು, ಏರಿ ನಿಂತಿತು. ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು.

ನಾಲ್ಕು. ಐದು. ಆರು.

ಬೀದಿಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು.

ಏಳು. ಎಂಟು.