ಎಡಗೈ ಅಕ್ಷರ

"ಆ ಡಬ್ಬಿ ಇಲ್ಲಿ ಕೊಡ್ರಿ ಹೆಡ್‌ಮಾಸ್ತರ್ರ," ಎನ್ನುತ್ತ ಶಾಂತಲಿಂಗಪ್ಪ ಕೈ ಚಾಚಿದ್ದೇ ತಡ, ಅವನ ಮಗಳು ಜಯಮಾಲಾ ಹೆಂಗಸರ ಗುಂಪಿನ ಹಿಂದೆ ಸರಿದಳು. ಆ ತಗಡಿನ ಡಬ್ಬಿಯಲ್ಲಿ ಅವಳದೊಂದು ಚೀಟಿ ಇತ್ತು. ಅಪ್ಪನ ಕಣ್ಣಿಗೆ ಬಿದ್ದರೆ ಮುಗಿದೇ ಹೋಯಿತು: ನಾಳೆಯಿಂದ ಶಾಲೆ ಬಂದ್, ಬರುವ ತಿಂಗಳ ಅವಳ ಲಗ್ನ ಬರುವ ವಾರಕ್ಕೇ.

ಬಾಡಿಗೆ ಮನೆಯ ಅಂಗಳದಲ್ಲಿ ಶಾರದಾಬಾಯಿ ಟೀಚರ್ ಹೆಣ ಹೊರುವ ಬಿದಿರಿನ ವಿಮಾನದೊಳಗೆ ಕೂತಿದ್ದರು, ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ. ನಿನ್ನೆ ಎದೆನೋವು ಎಂದವರು ಆಳಂದದ ದವಾಖಾನೆ ಮುಟ್ಟಲಿಲ್ಲ. ಇಪ್ಪತ್ತೆರಡು ವರ್ಷ ಈ ಊರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಹೆಂಗಸು. ಗಂಡನಿಲ್ಲ, ಮಕ್ಕಳಿಲ್ಲ. ಅವರ ಜೊತೆ ಮಣ್ಣಿಗಿಡೋಣವೆಂದು ಹೆಡ್‌ಮಾಸ್ತರ್ ಅನೀಲಕುಮಾರ, ಪಾಪ, ಆ ಡಬ್ಬಿಯನ್ನು ಶಾಲೆಯಿಂದ ಹೊತ್ತು ತಂದಿದ್ದರು.

"ಹುಡುಗೂರ ಗುಟ್ಟಿನ ಪ್ರಶ್ನಿ ಅವ. ಅವರ ಜೋಡಿ ಹೋಗ್ಲಿ ಬಿಡ್ರಿ ಸಾವಕಾರ್ರ."

"ಸಾಲಿ ಕಮಿಟಿ ಅಧ್ಯಕ್ಷ ನಾ ಅದೀನಿ. ನಮ್ಮ ಹೆಣ್ಣುಡುಗೇರಿಗೆ ಈ ಬಾಯಿ ಏನೇನು ಕಲಿಸ್ಯಾಳ ಅಂತ ಊರಿಗೂ ಜರಾ ಗೊತ್ತಾಗ್ಲಿ."

"ಸತ್ತವರ ಮುಂದ ಇದೇನ್ರಿ!" ಎಂದಳು ಬಿಸಿಯೂಟದ ಅಡುಗೆಯ ಗಂಗಾಬಾಯಿ. ಅವಳ ಮಾತು ಯಾರು ಕೇಳಬೇಕು! ಹೆಡ್‌ಮಾಸ್ತರರ ಕೈಯಿಂದ ಡಬ್ಬಿ ಆಗಲೇ ಶಾಂತಲಿಂಗಪ್ಪನ ಕೈಗೆ ಹೋಗಿತ್ತು.

* * *

ಶನಿವಾರದ ಕೊನೆಯ ಪೀರಿಯಡ್ಡು ಟೀಚರದು. "ಮೈ ಬಗ್ಗೆ, ಮನಸಿನ ಬಗ್ಗೆ, ಮನಿ ಬಗ್ಗೆ ಏನರ ಕೇಳ್ರಿ. ಬರದು ಡಬ್ಬಿಗೆ ಹಾಕ್ರಿ, ಹೆಸರು ಬ್ಯಾಡ. ಎಲ್ಲಾರೂ ಎಡಗೈಲೇ ಬರೀರಿ, ಯಾರ ಅಕ್ಷರ ಅಂತ ನಂಗೂ ತಿಳೀಬಾರದು."

ಚೀಟಿಗಳು ಕೋಳಿ ಕೆದರಿದ ಹಾಗಿರುತ್ತಿದ್ದವು. ಟೀಚರ್ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು, ಒಂದನ್ನೂ ನಗದೆ ಓದಿ, ಒಂದನ್ನೂ ಬಿಡದೆ ಉತ್ತರಿಸುತ್ತಿದ್ದರು. ಊರವರು ಹಿಂದಿನಿಂದ 'ಡಬ್ಬಿ ಬಾಯಿ' ಎಂದು ಆಡಿಕೊಳ್ಳುತ್ತಿದ್ದರು. ಟೀಚರಿಗೆ ಅದೂ ಗೊತ್ತಿತ್ತು.

ಆದರೆ ಒಂದು ಮಾತು ಅವರಿಗೂ ಹೊಳೆದಿರಲಿಲ್ಲ. ಜಯಮಾಲಾ ಹುಟ್ಟಾ ಎಡಚಿ. ಎರಡನೇ ತರಗತಿಯಲ್ಲಿ ಅಪ್ಪ ಆ ಕೈಯನ್ನು ದಾರದಿಂದ ಸೊಂಟಕ್ಕೆ ಕಟ್ಟಿ ಬಲಗೈ ರೂಢಿ ಮಾಡಿಸಿದ್ದ. ಆದರೂ ಎಡಗೈ ಮರೆತಿರಲಿಲ್ಲ. ಅವಳ ಚೀಟಿಯಲ್ಲಿ ಅಕ್ಷರಗಳು ಮುತ್ತು ಪೋಣಿಸಿದಂತೆ ಕೂತಿದ್ದವು. ಅದನ್ನು ಕಂಡು ಮುಂದಿನ ಶನಿವಾರ ಟೀಚರ್ ಬರೆಯುವ ಕೈಗಳನ್ನೇ ನೋಡುತ್ತ ನಿಂತು ಅವಳನ್ನು ಹಿಡಿದರು.

"ತಪ್ಪು ನಂದಾ ಅದ ಬೇ," ಎಂದು ಹಣೆ ಹಣೆ ಬಡಿದುಕೊಂಡರು. "ಎಡಗೈಲೇ ಬರದ್ರ ನಿನ್ನ ಗುರ್ತು ಹತ್ತತದ. ನೀ ಇನ್ನ ಡಬ್ಬಿಗೆ ಹಾಕಬ್ಯಾಡ. ನನ್ನ ಕೈಯಾಗ ಕೊಡು."

ಮೊನ್ನೆ ಶುಕ್ರವಾರ ಗಾಣಗಾಪುರದ ಲಾಡ್ಜಿನವರ ಮಗನಿಗೆ ಮನೆಯವರು ಜಯಮಾಲಾಳನ್ನು ಗೊತ್ತು ಮಾಡಿದರು. ಶನಿವಾರ ಚೀಟಿ ಹಿಡಿದು ಓಡಿದರೆ ಟೀಚರ್ ರಜೆ. ಸೋಮವಾರದ ತನಕ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಧೈರ್ಯ ಸಾಲದೆ ಡಬ್ಬಿಗೇ ಹಾಕಿಬಿಟ್ಟಳು.

* * *

ಶಾಂತಲಿಂಗಪ್ಪ ಕಲ್ಲಿನಿಂದ ಬೀಗ ಒಡೆದು ಮೊದಲ ಚೀಟಿ ತೆಗೆದ. ಅಕ್ಷರ ಕೂಡಿಸಿ ಕೂಡಿಸಿ ಜೋರಾಗಿ ಓದಿದ: "'ಮುಟ್ಟಾದಾಗ ಪಿ.ಟಿ. ಬಿಟ್ಟರ ನಡೀತದೇನ್ರಿ ಟೀಚರ್?' ಕೇಳಿದ್ರೇನು?"

ಯಾರೂ ನಗಲಿಲ್ಲ. ಎರಡನೆಯದನ್ನು ಬಿಡಿಸಿದ. "'ನಮ್ಮ ಕಾಕಾ ಕುಡದು ಬಂದ ದಿನ ನಾ ಎಲ್ಲಿ ಮಲಗ್ಲಿ?'" ಹೆಂಗಸರ ಗುಂಪಿನಲ್ಲಿ ಯಾರೋ ಬಾಯಿಗೆ ಸೆರಗು ಒತ್ತಿಕೊಂಡರು.

ಮೂರನೆಯದು ಬಿಡಿಸಿದವನ ಬಾಯಿ ಕಟ್ಟಿತು. ತಾನೇ ಕಟ್ಟಿಹಾಕಿದ ಕೈಯ ಅಕ್ಷರ ಅವನಿಗೆ ತಿಳಿಯದೇ?

"ಓದ್ರಲ್ಲ ಸಾವಕಾರ್ರ," ಎಂದಳು ಗಂಗಾಬಾಯಿ.

"ಖಾಲಿ ಅದ." ಚೀಟಿ ಮುಷ್ಟಿಯೊಳಗೆ ಹೋಯಿತು. ಮಗಳ ಹತ್ತಿರ ಬಂದು ಹಲ್ಲು ಕಚ್ಚಿ, "ಮನಿಗೆ ನಡಿ," ಎಂದ.

ಈಗ ಹೋದರೆ ಹೋದಂತೆಯೇ. ಜಯಮಾಲಾ ಹೆಜ್ಜೆ ಕಿತ್ತದ್ದು ವಿಮಾನದ ಕಡೆಗೆ.

"ಖಾಲಿ ಇಲ್ರಿ! ನಾ ಬರದೀನಿ. ಟೀಚರ್, ನಂಗಿನ್ನೂ ಹದಿನೈದು. ಬರೋ ತಿಂಗಳ ನನ್ನ ಲಗ್ನ ಮಾಡಾಕತ್ಯಾರ. ನಂಗ ಬ್ಯಾಡ್ರಿ. ಯಾರಿಗೆ ಹೇಳ್ಲಿ?"

ಹೆಡ್‌ಮಾಸ್ತರರು ಕಿಸೆಯಿಂದ ಮೊಬೈಲ್ ತೆಗೆದು, "ನಂಗ ಕೇಳಿಸ್ತವ್ವಾ. ಮಕ್ಕಳ ಸಹಾಯವಾಣಿಗೆ ಫೋನ್ ಹಚ್ತೇನಿ," ಎಂದರು.

"ನಮ್ಮ ಮನಿ ಮಾತು ನಾ ನೋಡ್ಕೋತೇನಿ!" ಶಾಂತಲಿಂಗಪ್ಪ ಗದರಿದ. "ಹೊತ್ತಾಯ್ತು, ಎತ್ರಿ, ಎತ್ರಿ!" ಎನ್ನುತ್ತ ವಿಮಾನದ ಮುಂದಿನ ಬಿದಿರಿಗೆ ಹೆಗಲು ಕೊಟ್ಟು ಬಗ್ಗಿದ.

ಉಳಿದ ಮೂರು ಕಡೆ ಟೀಚರ ಹತ್ತಿರ ಕಲಿತ ಗಂಡಸರೇ ನಿಂತಿದ್ದರು. ಖಜೂರಿ ರಸ್ತೆಯಲ್ಲಿ ಲಾರಿ ಓಡಿಸುವ ಉಸ್ಮಾನಸಾಬ ಶಾಂತಲಿಂಗಪ್ಪನನ್ನೊಮ್ಮೆ ನೋಡಿ ಕೈ ಕಟ್ಟಿಕೊಂಡ. ಅವನನ್ನು ನೋಡಿ ಪಕ್ಕದವನು, ಆಮೇಲೆ ಹಿಂದಿನವನು.

"ಎತ್ರೋ!"

ಒಬ್ಬರೂ ಬಗ್ಗಲಿಲ್ಲ. ಹೆಗಲ ಮೇಲೆ ಬಿದಿರಿಟ್ಟುಕೊಂಡು ಊರ ಮುಂದೆ ಅವನೊಬ್ಬನೇ ಬಗ್ಗಿಕೊಂಡಿದ್ದ. ಅವನ ಹಣೆಯ ಬೆವರು ವಿಭೂತಿಯನ್ನು ತೋಯಿಸಿ ಹುಬ್ಬಿನ ಮೇಲೆ ಇಳಿಯುತ್ತಿತ್ತು.